ಒಂದು ತಟ್ಟೆ ಕಡಲೆಬೇಳೆ

ಕುದುರೆಗೆ ವಾಂತಿ ಮಾಡಲಿಕ್ಕೆ ಬರುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಮೊದಲು ಇದೊಂದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ನಾಯಿ ಬೇಡದ್ದು ತಿಂದರೆ ಮೂಲೆಗೆ ಹೋಗಿ ಕಕ್ಕಿ, ಏನೂ ಆಗದವರ ಹಾಗೆ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ. ಕುದುರೆಗೆ ಆ ದಾರಿ ಇಲ್ಲ. ಒಳ್ಳೆಯದೋ ಕೆಟ್ಟದ್ದೋ, ಒಮ್ಮೆ ನುಂಗಿದ್ದು ಅಷ್ಟುದ್ದದ ಕರುಳನ್ನು ಪೂರ್ತಿ ದಾಟಿ ಹಿಂದಿನಿಂದಲೇ ಹೊರಗೆ ಬರಬೇಕು. ನಡುವೆ ಎಲ್ಲಾದರೂ ಎಡವಟ್ಟಾದರೆ ಅಷ್ಟು ದೊಡ್ಡ ಪ್ರಾಣಿ ಅರ್ಧ ದಿನದಲ್ಲಿ ನೆಲಕ್ಕೆ ಬೀಳುತ್ತದೆ.

ನಾನು ಮುಂಬಯಿಯ ಒಂದು ಧರ್ಮಾರ್ಥ ಪ್ರಾಣಿ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ಡಾಕ್ಟರಾಗಿದ್ದೆ. ಹೋದ ವರ್ಷ ರಿಟೈರಾದೆ. ಹಾರ, ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರ ಈಗಲೇ ಹತ್ತು ನಿಮಿಷ ಹಿಂದೆ ಓಡುತ್ತಿದೆ, ಇರಲಿ. ನನ್ನ ಜಾಗಕ್ಕೆ ಊರಿನ ಕಡೆಯ ಹುಡುಗಿಯೊಬ್ಬಳು ಬಂದಿದ್ದಾಳೆ, ಚುರುಕು. "ಸರ್, ಪುಸ್ತಕದಲ್ಲಿ ಇಲ್ಲದ್ದನ್ನು ಬರೆದುಕೊಡಿ" ಅಂದಳು. ಯಾವಾಗ ಸೀನಿಯರ್ ಆದೆ, ಯಾರ ಕೈಯಲ್ಲಿ ಸರ್ಟಿಫಿಕೇಟ್ ತೆಗೆದುಕೊಂಡೆ ಎಂಬುದೆಲ್ಲ ಅವಳಿಗೂ ಬೇಡ, ನನಗೂ ಬೇಡ. ಪುಸ್ತಕದಲ್ಲಿ ಇಲ್ಲದ್ದು ಅಂದರೆ ನನ್ನ ತಪ್ಪುಗಳು. ಅದರಲ್ಲೂ ಒಂದು ತಪ್ಪಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕು, ಸಹಿಸಿಕೊಳ್ಳಿ.

ನಮ್ಮದು ಉಡುಪಿ ಕಡೆ. ಅಪ್ಪ ಪರೇಲಿನಲ್ಲಿ ಒಂದು ಹೋಟೆಲಿನ ಅಡುಗೆಯವರು. ಮಿಲ್ಲಿನ ಭೋಂಗಾ, ಅಂದರೆ ಸೈರನ್, ಕೂಗಿದ ಕೂಡಲೇ ನುಗ್ಗುವ ಜನಕ್ಕೆ ಇಡ್ಲಿ ಬೇಯಿಸಿ ಬೇಯಿಸಿ ಅವರ ಕೈ ಯಾವಾಗಲೂ ಬೆಂದ ಬಣ್ಣದಲ್ಲಿರುತ್ತಿತ್ತು. ಮನೆ ಆಂಟಾಪ್ ಹಿಲ್‌ನಲ್ಲಿ, ಈಗಲೂ ಅಲ್ಲೇ. ಶಾಲೆ ಮುಗಿಸಿ ಹೋಟೆಲಿನ ಹಿಂದೆ ರುಬ್ಬುವ ಕಲ್ಲಿನ ಪಕ್ಕ ಕೂತು ನಾನು ಹೋಂವರ್ಕ್ ಮಾಡಿದವನು. ಹಿಟ್ಟಿನ ಪಾತ್ರೆ ತೊಳೆಯುವಾಗ ಅಪ್ಪ ಪೂರ್ತಿ ತೊಳೆಯಲು ಬಿಡುತ್ತಿರಲಿಲ್ಲ. "ಒಂದು ಸೌಟು ಹಳೆಯದು ಇರ್ಲಿ ಮಾರಾಯ, ಅದೇ ನಾಳೆಯ ಹಿಟ್ಟನ್ನು ಎಬ್ಬಿಸುವುದು" ಅನ್ನುತ್ತಿದ್ದರು.

ಕುದುರೆಯ ಹೊಟ್ಟೆ ನನಗೆ ಅರ್ಥವಾದದ್ದು ಕಾಲೇಜಿನಲ್ಲಲ್ಲ, ಆ ಪಾತ್ರೆಯಿಂದ. ಕುದುರೆಯ ಜಠರ ಚಿಕ್ಕದು. ಅದರ ನಿಜವಾದ ಅಡುಗೆಮನೆ ಹಿಂದೆ, ದೊಡ್ಡ ಕರುಳಿನಲ್ಲಿ. ಅಲ್ಲಿ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಕೂತು ಹುಲ್ಲನ್ನು ಹುಳಿ ಬರಿಸುತ್ತವೆ. ಆ ಹುಳಿಯಿಂದಲೇ ಕುದುರೆಗೆ ಬಲ. ಅಂದರೆ ನೀವು ಹುಲ್ಲು ಹಾಕುವುದು ಕುದುರೆಗಲ್ಲ, ಅದರ ಹೊಟ್ಟೆಯೊಳಗಿನ ಆ ಸಂಸಾರಕ್ಕೆ. ಕಾಳು, ಬೇಳೆ ಒಮ್ಮೆಗೇ ಜಾಸ್ತಿ ಹೋದರೆ ಹುಳಿ ಮಿತಿಮೀರಿ ಹುಲ್ಲು ಅರಗಿಸುವ ಜೀವಿಗಳು ಸಾಯುತ್ತವೆ. ಸತ್ತವುಗಳ ವಿಷ ರಕ್ತಕ್ಕೆ ಏರುತ್ತದೆ. ಹೊಟ್ಟೆಯದ್ದು ಹೊಟ್ಟೆಗೇ ನಿಲ್ಲದೆ ಗೊರಸಿಗೂ ಇಳಿಯುತ್ತದೆ, ಕುದುರೆ ನಿಲ್ಲಲಾರದೆ ನಿಲ್ಲುತ್ತದೆ. ಇನ್ನು ಪಾತ್ರೆಗೆ ಕುದಿಯುವ ನೀರು ಹೊಯ್ದ ಹಾಗೆ ಅವನ್ನೆಲ್ಲ ಕೊಲ್ಲುವ ಇನ್ನೊಂದು ವಸ್ತು ಉಂಟು. ಅದು ನಮ್ಮದೇ ಬ್ಯಾಗಿನಲ್ಲಿರುತ್ತದೆ.

ನನ್ನ ಮೇಲಧಿಕಾರಿ ಕರ್ಣಿಕ್ ಸಾಹೇಬರು. ಮರಾಠಿಯವರು, ಮಾತು ಕಡಿಮೆ, ಬೈಗುಳ ಜಾಸ್ತಿ. ನಾನು ಸೇರಿದ ಹೊಸತರಲ್ಲಿ ಜುಹೂ ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡುವ ಕುದುರೆಯೊಂದು ಹೊಟ್ಟೆನೋವಿನಿಂದ ಮರಳಲ್ಲಿ ಹೊರಳುತ್ತಿದೆ ಅಂತ ಕರೆ ಬಂತು. ಹೋದೆ, ನೋವಿನ ಇಂಜೆಕ್ಷನ್ ಚುಚ್ಚಿದೆ. ಅದು ಎದ್ದು ನಿಂತಿತು. ಸುತ್ತ ನೆರೆದ ಜನ ಚಪ್ಪಾಳೆ ಬೇರೆ ತಟ್ಟಿದರು. ನಾನು ಭೇಲ್ ತಿಂದು, ಗಾಳಿ ಕುಡಿದು, ಹೀರೋ ಹಾಗೆ ವಾಪಸ್ ಬಂದೆ.

"ಲೀದ್ ನೋಡಿದೆಯಾ?" ಅಂದರು ಸಾಹೇಬರು. ಲೀದ್ ಅಂದರೆ ಕುದುರೆಯ ಲದ್ದಿ.

"ಇಲ್ಲ ಸರ್. ಎದ್ದು ನಿಂತಿತು."

"ಅದರ ಬಾಯಿ ಮುಚ್ಚಿಸಿ ಬಂದಿದ್ದೀಯ. ನಡಿ."

ಅದೇ ಜೀಪಿನಲ್ಲಿ ನನ್ನನ್ನು ವಾಪಸ್ ಕರೆದುಕೊಂಡು ಹೋದರು. ಕುದುರೆ ಮತ್ತೆ ನೆಲದಲ್ಲಿತ್ತು. ಸಾಹೇಬರು ಒಂದು ಬಾಲ್ದಿ ನೀರಿಗೆ ಅದರ ಲದ್ದಿ ಹಾಕಿ ಕದಡಿ ಸ್ವಲ್ಪ ಹೊತ್ತು ಬಿಟ್ಟು ಬಗ್ಗಿಸಿದರು. ಅಡಿಯಲ್ಲಿ ಎರಡು ಹಿಡಿ ಮರಳು. ಬೀಚಿನಲ್ಲಿ ನೆಲದ ಮೇಲೆ ಮೇವು ಹಾಕಿದರೆ ಇನ್ನೇನಾಗುತ್ತದೆ? ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ ಹೊಯ್ದೆವು. ಅವರು ಪಕ್ಕೆಗೆ ಕಿವಿ ಹಚ್ಚಿ ನಿಂತರು, ಬಿಳಿ ಶರ್ಟಿಗೆ ಬೆವರು, ಕೂದಲು, ಮರಳು ಎಲ್ಲ ಮೆತ್ತಿತು. ಕುದುರೆಯ ಬಲಪಕ್ಕೆಯಲ್ಲಿ ನಿಮಿಷಕ್ಕೊಮ್ಮೆ ಮಾಳಿಗೆಯ ಟಾಂಕಿಗೆ ನೀರು ಬಿದ್ದ ಹಾಗೆ ಸದ್ದಾಗಬೇಕು. ಸದ್ದು ಬರುವವರೆಗೆ ಅವರು ಅಲ್ಲಿಂದ ಕದಲಲಿಲ್ಲ. ಅವತ್ತು ಜೀಪಿನಲ್ಲಿ ಹೇಳಿದ ಮಾತು ಎರಡೇ. ಮೊದಲನೆಯದು, ಲದ್ದಿ ನೋಡದೆ ಹೊರಡಬೇಡ. ಎರಡನೆಯದು, ಕುದುರೆಗೆ ಬಾಯಿಂದ ಆಂಟಿಬಯಾಟಿಕ್ ಕೊಡುವ ಮೊದಲು ಮೂರು ಸಲ ಯೋಚಿಸು, ಆಮೇಲೂ ಕೊಡಬೇಡ.

ಮೊದಲನೆಯದನ್ನು ನಾನು ಜೀವನಪೂರ್ತಿ ಪಾಲಿಸಿದೆ. ಎರಡನೆಯದನ್ನು ಒಂದು ಸಲ ಬಿಟ್ಟೆ.

ವಿಕ್ಟೋರಿಯಾ ಕುದುರೆಗಾಡಿಗಳು ಕಡಿಮೆಯಾದ ಮೇಲೆ ನಮ್ಮ ಕೈಗೆ ಬರುತ್ತಿದ್ದ ಕುದುರೆಗಳಲ್ಲಿ ಹೆಚ್ಚಿನವು ಮದುವೆಯವು. ಜೋಗೇಶ್ವರಿಯಲ್ಲಿ ಲೇಥ್ ಮೆಷಿನ್, ಡಬ್ಬಿ ಪ್ಯಾಕಿಂಗ್ ಮಾಡುವ ಗಾಲಾ, ಅಂದರೆ ಸಣ್ಣ ಕಾರ್ಖಾನೆ ಕೋಣೆಗಳ ನಡುವೆ ಒಂದು ಗಲ್ಲಿ, ಅದರಲ್ಲಿ ಒಂಬತ್ತು ಕುದುರೆ. ಅವುಗಳಲ್ಲಿ ನಾಲ್ಕು ಗಿರಿಧಾರಿಯವು. ಉತ್ತರ ಪ್ರದೇಶದ ಮನುಷ್ಯ, ದಪ್ಪ ಮೀಸೆ, ನನಗಿಂತ ಏಳೆಂಟು ವರ್ಷ ದೊಡ್ಡವನು. ನಾಲ್ಕರಲ್ಲಿ ಚಾಂದನಿ ಎಂಬ ಬಿಳಿ ಹೆಣ್ಣು ಕುದುರೆ ಅವನ ಪ್ರಾಣ. ಅದಕ್ಕೆ ಮೇವು ಹಾಕುವುದು, ಬಾಚುವುದು ಎಲ್ಲ ಮಗಳು ಪುಷ್ಪಾ. ನಾನು ಹೇಳಹೊರಟದ್ದು ನಡೆದಾಗ ಅವಳಿಗೆ ಹತ್ತೊಂಬತ್ತು. ಅವಳ ಹೆಜ್ಜೆ ಸಪ್ಪಳಕ್ಕೆ ಚಾಂದನಿ ಗಲ್ಲಿಯ ತುದಿಯಿಂದಲೇ ಕೆನೆಯುತ್ತಿತ್ತು. ನಾನು ಹೋದಾಗೆಲ್ಲ ಚಹಾ ತರುವವಳೂ ಅವಳೇ. "ಡಾಕ್ಟರ್ ಸಾಬ್, ಸಕ್ಕರೆ ಕಮ್ಮಿ ಹಾಕಿದೀನಿ, ನಿಮ್ಮ ಹೊಟ್ಟೆ ನೋಡಿ" ಅಂತ ತಮಾಷೆ ಮಾಡುತ್ತಿದ್ದಳು. ಮಾತೆಲ್ಲ ಹಿಂದಿಯಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಕಡೆಯವರ ಮದುವೆಯಲ್ಲಿ ಒಂದು ಶಾಸ್ತ್ರ ಉಂಟು. ವರ ಕುದುರೆ ಏರುವ ಮೊದಲು ಅವನ ಅಕ್ಕತಂಗಿಯರು ಕುದುರೆಗೆ ನೆನೆಸಿದ ಕಡಲೆಬೇಳೆ ತಿನ್ನಿಸಬೇಕು. ಅಣ್ಣನನ್ನು ಸುಖವಾಗಿ ಹೊತ್ತುಕೊಂಡು ಹೋಗು ಅಂತ. ಒಂದು ತಟ್ಟೆ, ನಾಲ್ಕು ಹಿಡಿ, ಚೆಂದದ ಶಾಸ್ತ್ರ. ಆದರೆ ಸೀಸನ್ನಿನಲ್ಲಿ ಒಂದೇ ದಿನ ಮೂರು ಮದುವೆಗೆ ಹೋಗುವ ಕುದುರೆಗೆ ಎಷ್ಟು ಮಂದಿ ತಂಗಿಯರು ಲೆಕ್ಕ ಹಾಕಿ! ಕೆಲವರಂತೂ ಬಾಲ್ದಿಯಲ್ಲೇ ಸುರಿಯುತ್ತಿದ್ದರು. ಅಂಥ ಕೇಸು ಪ್ರತಿ ಸೀಸನ್ನಿಗೂ ಬರುತ್ತಿತ್ತು. ಕುದುರೆಯ ಬಾಯಿಗೆ ಜಾಳಿಗೆ ಕಟ್ಟಿ, ಒಂದು ಮುಷ್ಟಿ ಮೇಲೆ ಬೇಡ ಅನ್ನಿ ಅಂತ ನಾನೇ ಗಲ್ಲಿ ಗಲ್ಲಿಗೆ ಹೋಗಿ ಭಾಷಣ ಮಾಡಿದವನು. ಹಾಗಾಗಿ ಕುದುರೆ, ಕಡಲೆಬೇಳೆ, ಸಾವು, ಈ ಮೂರನ್ನು ಆ ಗಲ್ಲಿಯವರ ತಲೆಯಲ್ಲಿ ಗಂಟು ಹಾಕಿದ್ದೂ ನಾನೇ.

ಹನ್ನೆರಡು ವರ್ಷದ ಹಿಂದಿನ ಮೇ ತಿಂಗಳು. ಗಿರಿಧಾರಿಯ ಮಗ ಸುರೇಶನ ಮದುವೆ. ಊರವರ ಮಕ್ಕಳನ್ನೆಲ್ಲ ಹೊತ್ತ ಚಾಂದನಿ ಅವತ್ತು ಮನೆಯ ಮಗನನ್ನು ಹೊರಬೇಕು. ನಾಲ್ಕು ದಿನ ಇರುವಾಗ ಅದರ ಹಿಂಗಾಲಿಗೆ ತಗಡು ತಾಗಿ ಗಾಯವಾಗಿ ಕೀವು ಕಟ್ಟಿತು. ಐದು ದಿನ ಇಂಜೆಕ್ಷನ್ ಕೊಡಬೇಕಾದ ಗಾಯ. ಅಂದರೆ ಐದು ದಿನ ಆಸ್ಪತ್ರೆ ಮುಗಿಸಿ, ಆ ಸೆಕೆಯಲ್ಲಿ, ಲೋಕಲ್‌ನ ಗರ್ದಿಯಲ್ಲಿ ತೂಗಾಡಿಕೊಂಡು ಜೋಗೇಶ್ವರಿಗೆ ಹೋಗಬೇಕು. ನನಗೆ ಉದಾಸೀನ ಬಂತು. ಬೇರೆ ಕಾರಣ ಹುಡುಕಿ ಬರೆಯಬಹುದು, ಆದರೆ ಅದು ಉದಾಸೀನವೇ. ಬ್ಯಾಗಿನಲ್ಲಿ ಕರುಗಳಿಗೆ ಕೊಡುವ ಆಂಟಿಬಯಾಟಿಕ್ ಮಾತ್ರೆ ಇತ್ತು. "ಬೆಲ್ಲದಲ್ಲಿಟ್ಟು ದಿನಕ್ಕೆರಡು ಸಲ ಕೊಡು" ಅಂದೆ. ಸಾಹೇಬರ ಮಾತು ನೆನಪಾಗಲಿಲ್ಲ ಅಂತ ಹೇಳಲಾರೆ. ನೆನಪಾಯಿತು. ಐದು ದಿನದಲ್ಲಿ ಎಂತ ಆಗುತ್ತದೆ ಅಂದುಕೊಂಡೆ.

ಮೂರನೇ ದಿನ ಗಿರಿಧಾರಿ ಫೋನ್ ಮಾಡಿದ. "ಸಾಬ್, ಲೀದ್ ತೆಳ್ಳಗಾಗಿದೆ."

"ಹಸಿ ಹುಲ್ಲು ಜಾಸ್ತಿ ಆಗಿರಬೇಕು. ಸೆಕೆ ಬೇರೆ."

"ವಾಸನೆಯೂ ಬೇರೆ ಥರ ಇದೆ ಸಾಬ್. ಮಾತ್ರೆ ನಿಲ್ಲಿಸಲಾ?"

"ಡಾಕ್ಟರ್ ನೀನಾ ನಾನಾ? ಕೋರ್ಸ್ ಪೂರ್ತಿ ಮಾಡು."

ಈ ಮಾತು ನನ್ನ ಬಾಯಿಂದ ಬಂದದ್ದು, ಹೀಗೇ ಬಂದದ್ದು.

ನಾಲ್ಕನೇ ದಿನ ಬೆಳಿಗ್ಗೆ ಮದುವೆ. ನನಗೂ ಕರೆ ಇತ್ತು, ಹೋದೆ. ಚಾಂದನಿಗೆ ಜರಿಯ ಜೂಲು, ಹಣೆಗೆ ಮಣಿ. ಹಳದಿ ಸೀರೆ ಉಟ್ಟ ಪುಷ್ಪಾ ಹಿತ್ತಾಳೆ ತಟ್ಟೆಯಲ್ಲಿ ಕಡಲೆಬೇಳೆ ತಂದಳು. ನನ್ನ ಭಾಷಣ ಕೇಳಿ ಬೆಳೆದ ಹುಡುಗಿಯಲ್ಲವೇ, "ಡಾಕ್ಟರ್ ಸಾಬ್, ಒಂದೇ ಮುಷ್ಟಿ, ನೋಡಿಕೊಳ್ಳಿ" ಅಂತ ನನಗೆ ತಟ್ಟೆ ತೋರಿಸಿದಳು. ನಿಜವಾಗಿಯೂ ಒಂದೇ ಮುಷ್ಟಿ ಇತ್ತು. ಚಾಂದನಿ ಮೂಸಿ, ತಿನ್ನಲೋ ಬೇಡವೋ ಎಂಬಂತೆ ಎರಡು ಕಾಳು ಎತ್ತಿಕೊಂಡಿತು. ಪುಷ್ಪಾ ಮುದ್ದು ಮಾಡಿ ಮಾಡಿ ಉಳಿದದ್ದನ್ನೂ ತಿನ್ನಿಸಿದಳು. ಹಸಿವಿಲ್ಲದ ಕುದುರೆ ಕಣ್ಣೆದುರಿಗೇ ನಿಂತಿದೆ, ನಾನು ಕೈಯಲ್ಲಿ ಶರಬತ್ತು ಹಿಡಿದುಕೊಂಡು ನಗುತ್ತಾ ನಿಂತಿದ್ದೇನೆ.

ಮರುದಿನ ಬೆಳಿಗ್ಗೆ ಫೋನ್ ಬಂತು. ಹೋಗುವಷ್ಟರಲ್ಲಿ ಚಾಂದನಿ ಗೋಡೆಗೆ ಒರಗಿ ನಿಂತಿತ್ತು. ಕಿವಿ ತಣ್ಣಗೆ. ಒಸಡು ನೇರಳೆ ಬಣ್ಣ. ಹಿಂದಿನಿಂದ ನೀರಿನ ಹಾಗೆ ಹೋಗುತ್ತಿತ್ತು. ಪಕ್ಕೆಗೆ ಕಿವಿ ಹಚ್ಚಿದೆ, ಏನೂ ಕೇಳಲಿಲ್ಲ. ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು. ನನ್ನ ಮಾತ್ರೆ ಒಳಗಿನ ಪಾತ್ರೆಯನ್ನು ತೊಳೆದು ಹಾಕಿತ್ತು. ಒಳ್ಳೆಯವು ಸತ್ತ ಜಾಗದಲ್ಲಿ ಕೆಟ್ಟವು ಬೆಳೆದು ಕರುಳನ್ನು ತಿಂದಿದ್ದವು. ಸಲೈನ್ ಹಾಕಿದೆ, ಬಾಟಲಿಯ ಮೇಲೆ ಬಾಟಲಿ ಹಾಕಿದೆ.

ಗಿರಿಧಾರಿ ಕೈ ಮುಗಿದು ಕೇಳಿದ, "ಸಾಬ್, ನಮ್ಮಪ್ಪ ಇಂಥದ್ದಕ್ಕೆ ಇನ್ನೊಂದು ಕುದುರೆಯ ತಾಜಾ ಲೀದ್ ನೀರಲ್ಲಿ ಕಲಸಿ, ಸೋಸಿ ಕುಡಿಸ್ತಿದ್ದರು. ಮಾಡಿ ನೋಡೋಣವಾ?"

"ಛೀ, ಹುಚ್ಚು ಹಿಡಿದಿದೆಯಾ ನಿನಗೆ? ಗಲೀಜು!" ಅಂದೆ.

ಮಧ್ಯಾಹ್ನದ ಹೊತ್ತಿಗೆ ಚಾಂದನಿ ಮಂಡಿಯೂರಿತು. ಪುಷ್ಪಾ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಿನ್ನೆಯ ಹಳದಿ ಸೀರೆಯಲ್ಲೇ ಇದ್ದಳು. ಮದುವೆಗೆ ಬಂದ ನೆಂಟರೆಲ್ಲ ಸುತ್ತ ನಿಂತಿದ್ದರು, ಹೊಸ ಮದುಮಗಳೂ ಇದ್ದಳು. ಚಾಂದನಿ ಹೋಯಿತು.

"ನಿನ್ನೆ ಚೆನ್ನಾಗೇ ಇತ್ತಲ್ಲ, ಏನು ತಿಂದಿತ್ತು?" ಅಂದಳು ಒಬ್ಬ ಅತ್ತೆ.

"ದಾಲ್ ತಿನ್ನಿಸಿದಳಲ್ಲ ಪುಷ್ಪಾ" ಅಂದರು ಯಾರೋ.

ಎಲ್ಲರೂ ನನ್ನ ಮುಖ ನೋಡಿದರು. ಪುಷ್ಪಾಳೂ ನೋಡಿದಳು. ನಾನು ಹೇಳಿದೆ: "ದಾಲ್ ಜಾಸ್ತಿಯಾದರೆ ಹೀಗಾಗುತ್ತದೆ."

ಅಷ್ಟೇ ಹೇಳಿದ್ದು. ಪುಸ್ತಕ ತೆಗೆದು ನೋಡಿ, ಒಂದಕ್ಷರ ಸುಳ್ಳಿಲ್ಲ. ದಾಲ್ ಜಾಸ್ತಿಯಾದರೆ ಹೀಗೇ ಆಗುತ್ತದೆ. ಒಂದು ಮುಷ್ಟಿ ಜಾಸ್ತಿಯಲ್ಲ ಎಂಬುದು ಅಲ್ಲಿದ್ದವರಲ್ಲಿ ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಆದರೆ ಡಾಕ್ಟರೇ ಹೇಳಿದ ಮೇಲೆ ಅವಳು ತನ್ನ ಕೈಯನ್ನೇ ಸಂಶಯದಿಂದ ನೋಡಿಕೊಂಡಳು. ನಾನು ಬ್ಯಾಗ್ ಮುಚ್ಚಿದೆ. ಸ್ಟೇಷನ್ನಿನಲ್ಲಿ ಉಳಿದ ಮಾತ್ರೆಯ ಪಟ್ಟಿಯನ್ನು ಕಸದ ಡಬ್ಬಿಗೆ ಎಸೆದೆ. ಥೂ ನನ್ನ ಜನ್ಮಕ್ಕೆ.

ಆಮೇಲೆ ಆದದ್ದು ದೊಡ್ಡ ಗಲಾಟೆಯೇನಲ್ಲ. ಯಾರೂ ಪುಷ್ಪಾಳನ್ನು ಹೊಡೆಯಲಿಲ್ಲ, ಮನೆಯಿಂದ ಓಡಿಸಲಿಲ್ಲ. ಮೇವಿನ ಚೀಲ ಅವಳ ಕೈಗೆ ಸಿಗದ ಜಾಗಕ್ಕೆ ಹೋಯಿತು, ಅಷ್ಟೇ. ತಂಗಿ ತಿನ್ನಿಸಿದ ಕೂಡಲೇ ಕುದುರೆ ಸತ್ತಿತು, ಅವಳ ಕೈ ಒಳ್ಳೆಯದಲ್ಲ ಎಂಬ ಮಾತು ಗಲ್ಲಿಯಲ್ಲಿ ಕೂತುಬಿಟ್ಟಿತು. ಸುರೇಶನಿಗೆ ಮೊದಲ ಮಗು ಉಳಿಯಲಿಲ್ಲ. ಅದನ್ನೂ ಆ ತಟ್ಟೆಗೇ ಸೇರಿಸಿದರು. ಎರಡನೆಯ ಮಗುವಿನ ಮುಡಿ ತೆಗೆಯುವ ದಿನ ಸೋದರತ್ತೆ ಪುಷ್ಪಾ ಕೂರಬೇಕಾದ ಜಾಗದಲ್ಲಿ ಪಕ್ಕದ ಮನೆಯವಳನ್ನು ಕೂರಿಸಿದರು. ಅವತ್ತೂ ನಾನು ಅಲ್ಲಿದ್ದೆ, ಪೇಡಾ ತಿಂದೆ. ಪುಷ್ಪಾ ಅದೇ ಗಲ್ಲಿಯ ಲೇಥ್ ಕೆಲಸದವನನ್ನು ಮದುವೆಯಾಗಿ ಅಲ್ಲೇ ಮೂರು ಮನೆ ಆಚೆ ಇದ್ದಳು. ನಾನು ತಿಂಗಳಿಗೊಮ್ಮೆ ಹೋದಾಗ ಚಹಾ ಮಾತ್ರ ತಪ್ಪದೆ ತರುತ್ತಿದ್ದಳು. ಲಾಯದ ಹೊಸ್ತಿಲಿನ ಆಚೆಯೇ ನಿಂತು ಕೈ ಚಾಚಿ ಲೋಟ ಕೊಡುತ್ತಿದ್ದಳು. ತಮಾಷೆ ನಿಂತುಹೋಗಿತ್ತು.

ನಡುವೆ ಒಂದು ದಿನ ನಮ್ಮ ಆಸ್ಪತ್ರೆಯಲ್ಲಿ ತರಬೇತಿ. ಪರದೆಯ ಮೇಲೆ ಒಬ್ಬ ಎಳೆಯ ವಯಸ್ಸಿನ ಡಾಕ್ಟರಮ್ಮ ತೋರಿಸುತ್ತಿದ್ದಾಳೆ: ಆರೋಗ್ಯವಂತ ಕುದುರೆಯ ತಾಜಾ ಲದ್ದಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ನಳಿಗೆಯಿಂದ ರೋಗಿ ಕುದುರೆಯ ಹೊಟ್ಟೆಗೆ ಬಿಡುವುದು. ಸತ್ತುಹೋದ ಸೂಕ್ಷ್ಮಜೀವಿಗಳ ಜಾಗಕ್ಕೆ ಹೊಸ ಸಂಸಾರ. ಅದಕ್ಕೊಂದು ಉದ್ದದ ಹೆಸರು. ಹಾಲಿಗೆ ಹೆಪ್ಪು ಹಾಕುವುದು ಅಂದರೆ ನಮ್ಮ ಅಮ್ಮನಿಗೂ ಅರ್ಥವಾಗುತ್ತಿತ್ತು. ಎಲ್ಲ ಕುದುರೆಗೂ ಹತ್ತುವುದಿಲ್ಲ, ಆದರೆ ಕೆಲವಕ್ಕೆ ಹತ್ತುತ್ತದೆ ಅಂದಳು. ನನಗೆ ಮುಂದಿನದು ಕೇಳಿಸಲಿಲ್ಲ. ಒಂದು ಸೌಟು ಹಳೆಯದು ಇರಲಿ ಅಂದ ಅಪ್ಪ, ಕೈ ಮುಗಿದು ಕೇಳಿದ ಗಿರಿಧಾರಿ, ಛೀ ಅಂದ ನಾನು.

ಮರುವರ್ಷ ಗಿರಿಧಾರಿಯ ಇನ್ನೊಂದು ಕುದುರೆಗೆ ವಾರಗಟ್ಟಲೆ ಭೇದಿ ಹಿಡಿಯಿತು. ನಾನೇ ಅವನ ಹತ್ತಿರ ಹೋಗಿ, "ನಿಮ್ಮಪ್ಪನ ಔಷಧಿ ಮಾಡೋಣ" ಅಂದೆ. ಅವನು ನನ್ನನ್ನು ಒಂದು ಗಳಿಗೆ ನೋಡಿ, ಬಾಲ್ದಿ ತಂದ. ಇಬ್ಬರೂ ಕೂತು ಸೋಸಿದೆವು. ಮೂರು ದಿನ ಮಾಡಿದೆವು. ಐದನೆಯ ದಿನ ಗಟ್ಟಿ ಉಂಡೆ ಬಿತ್ತು. ಗಿರಿಧಾರಿ ಆ ಉಂಡೆಯನ್ನು ಕೈಯಲ್ಲಿ ಹಿಡಿದು ಲಾಡುವಿನ ಹಾಗೆ ನನಗೆ ತೋರಿಸಿ ನಕ್ಕ. "ಗಿರಿಧಾರಿ, ಚಾಂದನಿ ವಿಷಯ..." ಅಂದೆ. ಅವನು ನಗು ನಿಲ್ಲಿಸಿ, "ಆದದ್ದು ಆಯಿತು ಸಾಬ್. ನೀವು ಬರ್ತಾ ಇರಿ" ಅಂದ. ಅಷ್ಟರಲ್ಲಿ ಪುಷ್ಪಾ ಚಹಾ ತಂದು ಆಚೆ ನಿಂತಳು. ಸುರೇಶ ಒಳಗಿನಿಂದ, "ಅಲ್ಲೇ ಇರು, ಒಳಗೆ ಬರಬೇಡ" ಎಂದು ಕೂಗಿದ. ನಾನು ಎದ್ದು ಹೋಗಿ ಲೋಟ ತೆಗೆದುಕೊಂಡೆ. ಹೇಳಲಿಲ್ಲ.

ಗಿರಿಧಾರಿ ಅದಾಗಿ ಎರಡು ವರ್ಷಕ್ಕೆ ತೀರಿಕೊಂಡ. ಕಾಲ ಬದಲಾಯಿತು. ಕುದುರೆಯವರು ಲದ್ದಿಯ ಫೋಟೋ ವಾಟ್ಸಪ್‌ನಲ್ಲಿ ಕಳಿಸತೊಡಗಿದರು. ಹೊಟ್ಟೆಯ ಒಳಗನ್ನು ಮೆಷಿನ್ನಿನಲ್ಲಿ ನೋಡಬಹುದಾಯಿತು. ಪಕ್ಕೆಗೆ ಕಿವಿ ಹಚ್ಚುವವನು ನಾನೊಬ್ಬನೇ ಉಳಿದೆ. ಹೊಸಬರು ನಗುತ್ತಿದ್ದರು, ನಗಲಿ.

ರಿಟೈರಾದ ಮೇಲೆ ಬಂದ ಮೊದಲ ಹಬ್ಬ. ನನ್ನ ಹೆಂಡತಿ ಶಕುಂತಲಾ ಹಯಗ್ರೀವ ಮಾಡಿದ್ದಳು. ನಮ್ಮವರ ಮನೆಯಲ್ಲಿ ಅದು ವಿಶೇಷ. ಕಡಲೆಬೇಳೆ, ಬೆಲ್ಲ, ಕಾಯಿ. ದೇವರು ಕುದುರೆಯ ರೂಪದಲ್ಲಿ ಬಂದು ಭಕ್ತ ಹಿಡಿದ ಹರಿವಾಣದಿಂದ ತಿಂದು ಹೋಗುತ್ತಿದ್ದನಂತೆ, ಅಮ್ಮ ಹೇಳುತ್ತಿದ್ದಳು. ನಾನು ಬಾಳೆಲೆಯ ಮೂಲೆಗೆ ಸರಿಸಿದೆ.

"ಎಷ್ಟು ವರ್ಷ ಆಯ್ತು ನೀವು ಇದನ್ನು ಮುಟ್ಟದೆ?" ಅಂದಳು ಶಕುಂತಲಾ. "ಶುಗರ್ ಅಂತ ಸುಳ್ಳು ಹೇಳ್ಬೇಡಿ, ಜಿಲೇಬಿ ತಿಂತೀರಿ. ಊರಿನ ಕುದುರೆಗಳ ಹೊಟ್ಟೆಯ ಸದ್ದೆಲ್ಲ ಕೇಳಿದ್ರಿ. ನಿಮ್ಮ ಹೊಟ್ಟೆಯಲ್ಲಿ ಎಂತ ಉಂಟು ಅಂತ ನನಗೆ ಒಂದು ದಿನ ಹೇಳ್ಲಿಲ್ಲ."

ಹೇಳಿದೆ. ಎಲೆಯ ಮುಂದೆ ಕೂತೇ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಆ ಹುಡುಗಿ ಈಗಲೂ ಅಲ್ಲೇ ಇದ್ದಾಳಾ?"

"ಇದ್ದಾಳೆ."

"ಮತ್ತೆ ನನಗೆ ಯಾಕೆ ಹೇಳ್ತೀರಿ? ಕೈ ತೊಳ್ಕೊಂಡು ಹೊರಡಿ."

ಜೋಗೇಶ್ವರಿಯಲ್ಲಿ ಇಳಿದು ನಡೆದೆ. ಪುಷ್ಪಾ ಮನೆಯ ಬಾಗಿಲಲ್ಲಿ ಕೂತು ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ಮೂವತ್ತು ದಾಟಿದ ಹೆಂಗಸು ಈಗ. ಚಹಾ ಇಡಲು ಎದ್ದಳು. "ಬೇಡ, ಕೂತುಕೋ" ಅಂದೆ. ನಿಂತುಕೊಂಡೇ ಹೇಳಿದೆ. ಮಾತ್ರೆ, ಫೋನು, ನನ್ನ ಉದಾಸೀನ, ಅವತ್ತು ಅವಳ ಕಣ್ಣು ನೋಡಿ ಹೇಳಿದ ಆ ಮಾತು, ಎಲ್ಲ.

ಅವಳು ಲೇಬಲ್ ಅಂಟಿಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಹೇಳಿದಳು: "ಗೊತ್ತು."

"ಗೊತ್ತಾ?"

"ಬಾಬೂಜಿ ಹೋಗುವ ಮುಂಚೆ ಹೇಳಿದರು. ಲೀದ್ ಕೆಟ್ಟದ್ದು ಮೂರನೇ ದಿನ. ನಾನು ದಾಲ್ ಕೊಟ್ಟದ್ದು ನಾಲ್ಕನೇ ದಿನ. ಅವರಿಗೆ ಅವತ್ತೇ ಗೊತ್ತಿತ್ತು."

"ಮತ್ತೆ ಅವನು ಯಾಕೆ..."

"ನೀವು ಬರೋದು ನಿಲ್ಲಿಸ್ತೀರಿ ಅಂತ ಹೆದರಿದರು. ಗಲ್ಲಿಯಲ್ಲಿ ಇನ್ನೂ ಎಂಟು ಕುದುರೆ ಇತ್ತು. ಇಲ್ಲಿಗೆ ಬರುವ ಡಾಕ್ಟರ್ ನೀವೊಬ್ಬರೇ. ನನ್ನ ಕೈ ಹಿಡಿದುಕೊಂಡು, ಮಗಳೇ, ನಿನ್ನನ್ನು ಕೊಟ್ಟು ಕುದುರೆಗಳನ್ನು ಉಳಿಸಿಕೊಂಡೆ ಅಂತ ಅತ್ತರು."

ಹೊಸ್ತಿಲ ಮೇಲೆ ಕೂತುಬಿಟ್ಟೆ.

"ನೀನಾದರೂ ಹೇಳಬಹುದಿತ್ತಲ್ಲ ಪುಷ್ಪಾ."

"ನಾನು ಹೇಳಿದರೆ ಯಾರು ನಂಬ್ತಾರೆ? ತನ್ನ ತಪ್ಪು ಮುಚ್ಚೋಕೆ ಡಾಕ್ಟರ್ ಮೇಲೆ ಹಾಕ್ತಾಳೆ ಅಂತಾರೆ. ನೀವು ಹೇಳಬೇಕಿತ್ತು. ಪ್ರತಿ ತಿಂಗಳು ಬರ್ತಿದ್ದಿರಿ. ಇವತ್ತು ಹೇಳ್ತಾರೆ ಅಂದುಕೊಂಡು ಚಹಾ ತರ್ತಿದ್ದೆ. ನೀವು ಚೆನ್ನಾಗಿದೆ ಅಂತ ಹೇಳಿ ಲೋಟ ವಾಪಸ್ ಕೊಡ್ತಿದ್ದಿರಿ."

ಅವಳ ದನಿಯಲ್ಲಿ ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಅವಳು ಎದ್ದು ಕೈಯ ಅಂಟು ಒರೆಸಿಕೊಂಡಳು. "ಬನ್ನಿ. ನನಗೆ ಹೇಳಿದ್ದು ಸಾಕು, ಅಲ್ಲಿ ಹೇಳಿ."

ಲಾಯದ ಮುಂದೆ ಸುರೇಶ ಇದ್ದ, ಅವನ ಹೆಂಡತಿ ಇದ್ದಳು, ಗಾಲಾದಿಂದ ಊಟಕ್ಕೆ ಹೊರಟ ಜನರೂ ನಿಂತರು. ನಾನು ನನ್ನ ಹರಕು ಹಿಂದಿಯಲ್ಲಿ ಜೋರಾಗಿ ಹೇಳಿದೆ: ಚಾಂದನಿಯನ್ನು ಕೊಂದದ್ದು ನನ್ನ ಮಾತ್ರೆ, ಪುಷ್ಪಾಳ ಕೈಯಲ್ಲ. ಸುರೇಶ ತಂಗಿಯ ಕಡೆ ನೋಡಲಾರದೆ ಕುದುರೆಯ ಹಗ್ಗವನ್ನು ಬಿಚ್ಚಿದ, ಮತ್ತೆ ಕಟ್ಟಿದ. ಅವನ ಹೆಂಡತಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಅದೇ ಹಿತ್ತಾಳೆ ತಟ್ಟೆ ಇತ್ತು, ಅದರಲ್ಲಿ ನೆನೆಸಿದ ಕಡಲೆಬೇಳೆ. ಅಡುಗೆಗೆಂದು ನೆನೆಸಿಟ್ಟದ್ದಿರಬೇಕು.

"ಡಾಕ್ಟರ್ ಸಾಬ್, ಒಂದು ಮುಷ್ಟಿ ಏನೂ ಮಾಡೋದಿಲ್ಲ ತಾನೇ?" ಅಂದಳು.

"ಏನೂ ಮಾಡೋದಿಲ್ಲ. ಅವತ್ತೂ ಮಾಡಿರಲಿಲ್ಲ."

ತಟ್ಟೆಯನ್ನು ನಾದಿನಿ ಪುಷ್ಪಾಳ ಕೈಗೆ ಕೊಟ್ಟಳು. "ನೀನೇ ತಿನ್ನಿಸು ಜೀಜಿ."

ಹನ್ನೆರಡು ವರ್ಷದ ಮೇಲೆ ಪುಷ್ಪಾ ಲಾಯದ ಹೊಸ್ತಿಲು ದಾಟಿದಳು. ಒಳಗಿದ್ದದ್ದು ಒಂದು ಕಂದು ಹೆಣ್ಣು ಕುದುರೆ, ಎಳೆಯದು, ಅವಳನ್ನು ಹತ್ತಿರದಿಂದ ಎಂದೂ ಕಾಣದ್ದು. ಅದು ಮೂಗು ಚಾಚಿತು. ಪುಷ್ಪಾ ಬೇಳೆಯನ್ನು ಮುಷ್ಟಿಯಲ್ಲಿ ತೆಗೆದುಕೊಂಡಳು. ಕೈ ಅರ್ಧದವರೆಗೆ ಹೋಗಿ ನಿಂತಿತು. ನಾನು ಮನಸ್ಸಿನಲ್ಲೇ ಕೊಡು, ಕೊಡು ಮಗಾ ಅನ್ನುತ್ತಿದ್ದೆ.

"ಆಗ್ತಾ ಇಲ್ಲ" ಅಂದಳು.

ಹೊಸದಾಗಿ ಬಂದಿರುವ ನನ್ನ ಚುರುಕು ಹುಡುಗಿಯೇ, ಔಷಧಿಗಳ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ತಪ್ಪೂ ಆಗುತ್ತದೆ, ಆಗದಿರಲು ನಾವೇನು ದೇವರಲ್ಲ. ಆದರೆ ಹೇಳುವುದಿದ್ದರೆ ಅವತ್ತೇ ಹೇಳು, ಬ್ಯಾಗ್ ಮುಚ್ಚುವ ಮೊದಲು. ನಾನು ಹೇಳಿದೆ, ಎಲ್ಲರೂ ನಂಬಿದರು. ಅವಳ ಕೈಯೊಂದು ನಂಬಲಿಲ್ಲ.

ಪುಷ್ಪಾ ಮುಷ್ಟಿಯಲ್ಲಿದ್ದದ್ದನ್ನು ಮತ್ತೆ ತಟ್ಟೆಗೆ ಹಾಕಿದಳು. ತಟ್ಟೆಯನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಳು. ಕುದುರೆ ತಾನೇ ಕತ್ತು ಬಗ್ಗಿಸಿ ತಿಂದಿತು.